20 ಜನಕ್ಕೆ ಅವರೆಕಾಳು ಸಾರು: ಎಲ್ಲವನ್ನೂ ಐದು ಪಟ್ಟು ಮಾಡಿದರೆ ಸಾಕಾ?

ಪ್ರಶ್ನೆ: ಸಂಕ್ರಾಂತಿಗೆ ಮುಂಚಿನ ಭಾನುವಾರ ನಮ್ಮ ಮನೆಗೆ 20 ಜನ ಬರುತ್ತಿದ್ದಾರೆ. ಅವರೆಕಾಳು ಸಾರು, ಮುದ್ದೆ ಮಾಡೋಣ ಅಂತ ಇದ್ದೇನೆ. ನಾಲ್ಕು ಜನಕ್ಕೆ ಮಾಡಿ ಅಭ್ಯಾಸ. ಅದನ್ನೇ ಐದು ಪಟ್ಟು ಮಾಡಿದರೆ ಆಯ್ತು ಅಲ್ವಾ?

ಕಾಳನ್ನು ಐದು ಪಟ್ಟು ಮಾಡಿ. ನೀರು, ಖಾರ, ಉಪ್ಪನ್ನು ಮಾತ್ರ ಹಾಗೆ ಮಾಡಬೇಡಿ.

ಮೊದಲು ಕಾಯಿ ಲೆಕ್ಕ. ಒಂದು ಕೆ.ಜಿ. ಅವರೆಕಾಯಿ ಸುಲಿದರೆ ನನ್ನ ಕೈಗೆ ಸಿಗುವುದು ಸುಮಾರು 350 ಗ್ರಾಂ ಕಾಳು. ಮುದ್ದೆ ಜೊತೆಗೆ ಒಬ್ಬರಿಗೆ 80-90 ಗ್ರಾಂ ಹಸಿಕಾಳು ಧಾರಾಳ. ಹಾಗಾಗಿ 5 ಕೆ.ಜಿ. ಕಾಯಿ ತನ್ನಿ. ಹಿತಕಿದ ಬೇಳೆ ಸಾರು ಅಂದರೆ ಸಿಪ್ಪೆಯ ತೂಕವೂ ಹೋಗುತ್ತೆ, 7 ಕೆ.ಜಿ. ಬೇಕು. ರಾತ್ರಿ ನೆನೆಸಿ, ಬೆಳಿಗ್ಗೆ ಕೂತು ಒಂದೊಂದೇ ಕಾಳು ಹಿತುಕಬೇಕು. ಮನೆಯಲ್ಲಿ ಇನ್ನೂ ನಾಲ್ಕು ಜೊತೆ ಕೈ ಇಲ್ಲದಿದ್ದರೆ ಆ ಆಸೆ ಬಿಡಿ. ಬೆಂಗಳೂರಿನ ಗಾಂಧಿಬಜಾರಿನ ಕಡೆ ಹಿತಕಿದ್ದೇ ಸಿಗುತ್ತೆ, ಬೆಲೆ ಮಾತ್ರ ಜಾಸ್ತಿ.

ಕಾಯಿ ಆರಿಸುವಾಗ ಮೂಗು ನಂಬಿ. ಒಂದು ಕಾಯಿಯನ್ನು ಬೆರಳಲ್ಲಿ ಉಜ್ಜಿದರೆ ಜಿಡ್ಡು ಅಂಟಬೇಕು, ಘಮ್ ಅನ್ನಬೇಕು. ಅದೇ ಸೊಗಡು. ಮಾಗಡಿ ಕಡೆಯ ಕಾಯಿ ಅಂತ ವ್ಯಾಪಾರಿಗಳು ಕೂಗುವುದು ಇದಕ್ಕೇ. ಹುಳ ಇದ್ದೇ ಇರುತ್ತೆ, ಹೆದರಬೇಡಿ. ಸುಲಿದ ಕಾಳನ್ನು ತಟ್ಟೆಯಲ್ಲಿ ಹರಡಿ ನೋಡಿಕೊಳ್ಳಿ.

ಈಗ ಬೇಯಿಸುವುದು. ಹಸಿಕಾಳಿಗೆ ಕುಕ್ಕರಿನಲ್ಲಿ ಒಂದೇ ಸೀಟಿ ಸಾಕು. ಕುಕ್ಕರನ್ನು ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ಎರಡು ಸಲ ಬೇಯಿಸಿ. ಹಿತಕಿದ ಬೇಳೆಗೆ ಕುಕ್ಕರೇ ಬೇಡ, ಕರಗಿ ಗಂಜಿಯಾಗುತ್ತೆ. ಟೊಮೆಟೊ, ಹುಣಸೆಹಣ್ಣು ಎರಡೂ ಕಾಳು ಬೆಂದ ಮೇಲೆಯೇ. ಹುಳಿ ಬಿದ್ದರೆ ಕಾಳು ಮೆತ್ತಗಾಗಲು ಸತಾಯಿಸುತ್ತೆ.

ನೀರು ಯಾಕೆ ಕಡಿಮೆ? ಸಣ್ಣ ಪಾತ್ರೆಯಲ್ಲಿ ಕುದಿಯುವಾಗ ನೀರಿನ ದೊಡ್ಡ ಪಾಲು ಆವಿಯಾಗುತ್ತೆ. ದೊಡ್ಡ ತಪ್ಪಲೆಯಲ್ಲಿ ಅಷ್ಟು ಹೋಗಲ್ಲ. ಐದು ಪಟ್ಟು ಸುರಿದರೆ ಸಾರು ತಿಳಿಯಾಗಿ, ಮುದ್ದೆಗೆ ಹಿಡಿಯುವುದೇ ಇಲ್ಲ. ನಾಲ್ಕು ಪಟ್ಟು ಹಾಕಿ, ಪಕ್ಕದ ಒಲೆಯಲ್ಲಿ ಬಿಸಿನೀರು ಇಟ್ಟುಕೊಳ್ಳಿ. ನೀರು ಕಡಿಮೆಯಾದ ಮೇಲೆ ಉಪ್ಪು, ಖಾರವೂ ಅದರ ಹಿಂದೆಯೇ ಇಳಿಯಬೇಕು. ನಾಲ್ಕು ಜನಕ್ಕೆ ಎರಡು ಚಮಚ ಸಾರಿನ ಪುಡಿ ಹಾಕುವವರು ಇಲ್ಲಿ ಏಳಕ್ಕೆ ನಿಲ್ಲಿಸಿ, ರುಚಿ ನೋಡಿ ಮುಂದುವರಿಯಿರಿ. ಒಟ್ಟು 5 ಲೀಟರ್ ಸಾರು ಆಗುತ್ತೆ, 8 ಲೀಟರಿನ ಪಾತ್ರೆ ಇರಲಿ.

ರುಬ್ಬಲು ಎರಡು ತೆಂಗಿನಕಾಯಿ, ಒಂದು ಹಿಡಿ ಹುರಿಗಡಲೆ, ಹುರಿದ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು. ಚಕ್ಕೆ, ಲವಂಗ ಚೂರೇ ಚೂರು. ಮಸಾಲೆ ಮೇಲೆದ್ದರೆ ಸೊಗಡು ಸತ್ತಿತು ಅಂತಲೇ ಲೆಕ್ಕ. ಆಲೂಗಡ್ಡೆ, ಬದನೆಕಾಯಿ ನಿಮ್ಮಿಷ್ಟ. ನಾನು ಒಂದು ಕಟ್ಟು ಸಬ್ಬಸಿಗೆ ಸೊಪ್ಪು ಬಿಡುವುದಿಲ್ಲ.

ರುಬ್ಬಿದ್ದು ಬಿದ್ದ ಮೇಲೆ ಒಲೆ ಬಿಟ್ಟು ಕದಲಬೇಡಿ. ಹುರಿಗಡಲೆ ತಳಕ್ಕೆ ಇಳಿದು ಕೂರುತ್ತೆ. ಒಮ್ಮೆ ನಾನು ಬಾಗಿಲಲ್ಲಿ ನಿಂತು ನೆಂಟರ ಚಪ್ಪಲಿ ಜೋಡಿಸುತ್ತಿದ್ದೆ. ಒಳಗಿಂದ ಸೀದ ವಾಸನೆ ಬಂತು. ಗಾಬರಿಯಲ್ಲಿ ಸೌಟು ಹಾಕಿ ಕೆರೆದುಬಿಟ್ಟೆ, ಕಪ್ಪೆಲ್ಲ ಸಾರಿಗೆ ಬೆರೆಯಿತು. ಕೆರೆಯಬಾರದಿತ್ತು. ಒಲೆ ಆರಿಸಿ, ಮೇಲಿನ ಸಾರನ್ನು ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸಿಕೊಂಡಿದ್ದರೆ ಮುಕ್ಕಾಲು ಪಾಲು ಉಳಿಯುತ್ತಿತ್ತು.

ಮಿಕ್ಕಿದರೆ ಚಳಿ ಇದೆಯಲ್ಲ ಅಂತ ಒಲೆ ಮೇಲೇ ಬಿಡಬೇಡಿ. ತೆಂಗಿನಕಾಯಿ ಹಾಕಿದ ಸಾರು ಬೇಗ ಹಳಸುತ್ತೆ, ದೊಡ್ಡ ಪಾತ್ರೆಯ ನಡುವೆ ಬಿಸಿ ತುಂಬಾ ಹೊತ್ತು ಕೂತಿರುತ್ತೆ. ಸಣ್ಣ ಡಬ್ಬಿಗಳಿಗೆ ಹಂಚಿ, ಆರಿದ ತಕ್ಷಣ ಫ್ರಿಜ್ಜಿಗೆ ಇಡಿ. ಬೆಳಿಗ್ಗೆಗೆ ಗಟ್ಟಿಯಾಗಿರುತ್ತೆ. ಚೆನ್ನಾಗಿ ಕುದಿಸಿ, ದೋಸೆ ಹುಯ್ಯಿರಿ.