ದಿಂಬಿನ ಕೆಳಗಿನ ಮುಡುಪು

ನರ್ಸಿಂಗ್ ಓದುವ ಮಕ್ಕಳಿಗೆ ಆಧ್ಯಾತ್ಮಿಕ ಆರೈಕೆಯ ಪಾಠ ಮಾಡುವಾಗ ಒಂದು ಪ್ರಶ್ನೆ ಬಂದೇ ಬರುತ್ತದೆ: "ಮೇಡಂ, ಪೇಷಂಟ್ ಜೊತೆ ನಾವೂ ಪ್ರಾರ್ಥನೆ ಮಾಡಬೇಕಾ?" ಬೇಕಿಲ್ಲ. ರೋಗಿ ಯಾವುದನ್ನು ನೆಚ್ಚಿಕೊಂಡಿದ್ದಾರೆ ಅಂತ ತಿಳಿದುಕೊಳ್ಳಬೇಕು. ಅದಕ್ಕೆ ಅಡ್ಡ ಬರಬಾರದು, ಆದಷ್ಟೂ ಅನುವು ಮಾಡಿಕೊಡಬೇಕು. ಕೆಲವರಿಗೆ ಅದು ದೇವರು. ಕೆಲವರಿಗೆ ಮಗಳ ಮದುವೆ. ಮಂಡ್ಯ ಕಡೆಯ ರೈತರಿಗೆ ಎಷ್ಟೋ ಸಲ ಕಟಾವಿಗೆ ಬಂದ ಕಬ್ಬು.

ಕೋವಿಡ್ ಎರಡನೇ ಅಲೆ, 2021ರ ಏಪ್ರಿಲ್, ಮೇ. ಮೈಸೂರಿನ ವಾರ್ಡುಗಳಲ್ಲಿ ರೋಗಿ ಒಳಗೆ, ಮನೆಯವರು ಗೇಟಿನಾಚೆ. ಒಳಗೆ ಕಳಿಸುವ ಬ್ಯಾಗಿನಲ್ಲಿ ಫೋನ್ ಚಾರ್ಜರ್, ಬಿಸಿನೀರಿನ ಫ್ಲಾಸ್ಕ್, ಅದರ ಜೊತೆ ಅರಿಶಿನ ಬಟ್ಟೆಯಲ್ಲಿ ಗಂಟು ಹಾಕಿದ ಒಂದು ರೂಪಾಯಿ. ಮಾದಪ್ಪನಿಗೋ, ನಂಜುಂಡೇಶ್ವರನಿಗೋ ಕಟ್ಟಿದ ಮುಡುಪು. "ತಲೆಗೆ ಮುಟ್ಟಿಸಿ ದಿಂಬಿನ ಕೆಳಗಿಡಿ ಸಿಸ್ಟರ್" ಅಂತ ಮನೆಯವರ ಫೋನು. ಹಾಗೇ ಇಟ್ಟರೆ ಹಾಸಿಗೆ ಬಟ್ಟೆ ಬದಲಿಸುವಾಗ ಲಾಂಡ್ರಿಗೆ ಹೋಗಿಬಿಡುತ್ತದೆ, ರೋಗಿಯನ್ನು ಐಸಿಯುಗೆ ಸಾಗಿಸುವಾಗ ಕಳೆದೇ ಹೋಗುತ್ತದೆ. ನಮ್ಮ ಹುಡುಗಿಯರು ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಮೇಲೆ ಪ್ಲಾಸ್ಟರ್ ಅಂಟಿಸಿ, ಹೆಸರು, ಬೆಡ್ ನಂಬರ್ ಬರೆದು ಇಡುತ್ತಿದ್ದರು. ರೋಗಿಯ ಸಾಮಾನಿನ ಪಟ್ಟಿಯಲ್ಲಿ ಉಂಗುರ, ಓಲೆಯ ಜೊತೆ ಮುಡುಪಿಗೂ ಒಂದು ಸಾಲು. ನನ್ನ ಪ್ರಕಾರ ಆಧ್ಯಾತ್ಮಿಕ ಆರೈಕೆ ಅಂದರೆ ಇದೇ.

ಎಲ್ಲಕ್ಕೂ ಹೂಂ ಅನ್ನಬೇಕು ಅಂತಲ್ಲ. ಆಕ್ಸಿಜನ್ ಹರಿಯುವ ಕಡೆ ದೀಪ, ಕರ್ಪೂರ, ಊದುಬತ್ತಿ ಯಾವುದೂ ಕೂಡದು. ಒತ್ತಡದಿಂದ ಗಾಳಿ ಕೊಡುವ ಬೈಪ್ಯಾಪ್ ಮಾಸ್ಕ್ ಹಾಕಿಕೊಂಡು ಏದುಸಿರು ಬಿಡುತ್ತಿರುವವರ ಬಾಯಿಗೆ ತೀರ್ಥ ಬಿಟ್ಟರೆ ಶ್ವಾಸಕೋಶಕ್ಕೆ ಇಳಿಯಬಹುದು. ಡಾಕ್ಟರನ್ನು ಕೇಳಿ, ಒಂದು ಹನಿಯಲ್ಲಿ ಗಾಜ್ ಒದ್ದೆ ಮಾಡಿ ತುಟಿಗೆ ಸವರಬಹುದು. ಹಣೆಗೆ ವಿಭೂತಿ ಇಟ್ಟರೆ ಯಾವ ತೊಂದರೆಯೂ ಇಲ್ಲ. ಹಾಸಿಗೆಯಿಂದ ಏಳಲಾಗದ ಮುಸ್ಲಿಂ ಹಿರಿಯರು ನಮಾಜಿಗೆ ಪಶ್ಚಿಮ ಯಾವ ಕಡೆ ಅಂತ ಕೇಳಿದರೆ ತೋರಿಸೋಕೆ ಎಷ್ಟು ಹೊತ್ತು ಬೇಕು?

ಕಷ್ಟವಾಗೋದು ಮಾತು. "ಯಾವ ಜನ್ಮದ ಪಾಪವೋ ಕಣವ್ವಾ" ಅಂತ ಒಬ್ಬ ಅಜ್ಜಿ ಅತ್ತರೆ, "ಹಾಗೆಲ್ಲಾ ಅನ್ನಬಾರದು" ಅಂತ ಬಾಯಿ ಮುಚ್ಚಿಸಿ ಮುಂದಿನ ಬೆಡ್‌ಗೆ ಹೋಗೋದು ಸುಲಭ. "ಎಲ್ಲಾ ದೇವರಿಚ್ಛೆ" ಅನ್ನೋದು ಇನ್ನೂ ಕೆಟ್ಟದ್ದು, ಆಕೆಯ ಭಯಕ್ಕೆ ನಾವೇ ಸೀಲು ಒತ್ತಿದ ಹಾಗೆ. "ಯಾಕಜ್ಜಿ ಹಾಗನ್ನಿಸ್ತಿದೆ?" ಅಂತ ಕೇಳಿ ಸುಮ್ಮನೆ ನಿಲ್ಲಬೇಕು. ಆಗ ನಿಜವಾದ ಸಂಗತಿ ಹೊರಬರುತ್ತದೆ: ತಿಥಿ ಊಟಕ್ಕೆ ಹೋಗಿ ಬಂದವಳು ನಾನೇ, ಗಂಡನಿಗೂ ಅಂಟಿಸಿದವಳು ನಾನೇ. ಇದಕ್ಕೆ ನಮ್ಮಲ್ಲಿ ಉತ್ತರವಿದೆ. ಈ ವೈರಸ್ ಜ್ವರ, ಕೆಮ್ಮು ಕಾಣಿಸಿಕೊಳ್ಳುವ ಮೊದಲೇ ಹರಡುತ್ತದೆ. ಅಜ್ಜಿಗೆ ಗೊತ್ತಾಗೋಕೆ ದಾರಿಯೇ ಇರಲಿಲ್ಲ. ಇದನ್ನು ಬಿಡಿಸಿ ಹೇಳುವುದೂ ಶುಶ್ರೂಷೆಯೇ. ರೋಗಿಯ ತೊಂದರೆಗಳನ್ನು ನರ್ಸ್‌ಗಳು ಗುರುತಿಸಿ ಬರೆಯುವ ನರ್ಸಿಂಗ್ ಡಯಾಗ್ನೊಸಿಸ್ ಪಟ್ಟಿಯಲ್ಲಿ ಆಧ್ಯಾತ್ಮಿಕ ಸಂಕಟ ಅಂತಲೇ ಒಂದು ಹೆಸರಿದೆ. ಉಸಿರಾಟದ ತೊಂದರೆಯನ್ನು ಬರೆದ ಹಾಗೇ ಅದನ್ನೂ ಕೇರ್ ಪ್ಲಾನ್‌ನಲ್ಲಿ ಬರೆಯಬಹುದು.

ಪಿಪಿಇ ಹಾಕಿಕೊಂಡರೆ ಮುಖ ಕಾಣಿಸಲ್ಲ, ಎನ್-95 ಒಳಗಿಂದ ದನಿ ಸರಿಯಾಗಿ ಕೇಳಿಸಲ್ಲ. ಎದೆ ಮೇಲೆ ಮಾರ್ಕರಿನಲ್ಲಿ ದಪ್ಪಕ್ಷರದಲ್ಲಿ ಹೆಸರು ಬರೆದುಕೊಂಡಿದ್ದೂ ಅದಕ್ಕೇ. ರೋಗಿಯ ಕಣ್ಣಿನ ಮಟ್ಟಕ್ಕೆ ಬಗ್ಗಿ, ಎರಡು ಜೊತೆ ಗ್ಲೌಸ್ ಇದ್ದರೂ ಅಂಗೈ ಒತ್ತಿ ಹಿಡಿದರೆ ಅವರಿಗೆ ಗೊತ್ತಾಗುತ್ತದೆ.

ಇಷ್ಟೆಲ್ಲಾ ಮಾಡುವವರ ಗತಿ ಏನು? ನೋವು ಅರ್ಥ ಮಾಡಿಕೊಳ್ಳೋದು ಬೇರೆ, ಅದನ್ನು ಮೈಮೇಲೆ ಎಳೆದುಕೊಳ್ಳೋದು ಬೇರೆ. ಕರುಣೆಯೂ ದಣಿಯುತ್ತದೆ ಅಂತ 1992ರಲ್ಲೇ ಕಾರ್ಲಾ ಜಾಯ್ನ್‌ಸನ್ ಎಂಬುವರು ನರ್ಸ್‌ಗಳ ಬಗ್ಗೆ ಬರೆದರು. ಆ ದಣಿವಿನ ಗುರುತು ಅಳುವೇ ಆಗಿರಬೇಕಿಲ್ಲ. ಸಾವನ್ನೂ ಬೆಡ್ ನಂಬರಿನಲ್ಲೇ ಹೇಳೋಕೆ ಶುರು ಮಾಡುತ್ತಾರೆ, ಮನೆಗೆ ಹೋದಮೇಲೆ ಮಕ್ಕಳ ಮೇಲೆ ರೇಗುತ್ತಾರೆ. ಅಮೆರಿಕದ ಜೊನಾಥನ್ ಬಾರ್ಟೆಲ್ಸ್ ಎಂಬ ನರ್ಸ್ ಒಂದು ಪದ್ಧತಿ ತಂದರು: ರೋಗಿ ತೀರಿಕೊಂಡಾಗ ಸುತ್ತಲಿದ್ದವರೆಲ್ಲ ಒಂದು ಗಳಿಗೆ ಮೌನವಾಗಿ ನಿಲ್ಲುವುದು. ಯಾರು ಯಾರನ್ನು ನೆನೆದರೂ ಸರಿ, ಯಾರನ್ನೂ ನೆನೆಯದಿದ್ದರೂ ಸರಿ. ಇದಕ್ಕೆ ಕಾಸು ಖರ್ಚಿಲ್ಲ, ನಮ್ಮಲ್ಲೂ ರೂಢಿಯಾಗಲಿ.

ಆದರೆ ಧ್ಯಾನ, ಪ್ರಾರ್ಥನೆಯ ಹೆಸರಲ್ಲಿ ಸಿಬ್ಬಂದಿ ಕೊರತೆ ಮುಚ್ಚಿಡುವುದನ್ನು ನಾನು ಒಪ್ಪುವುದಿಲ್ಲ. ವೆಂಟಿಲೇಟರ್ ಮೇಲಿರುವ ಒಬ್ಬರಿಗೆ ಒಬ್ಬ ನರ್ಸ್ ಇರಲೇಬೇಕು. ಮೂರ್ನಾಲ್ಕು ಜನರ ಕೆಲಸವನ್ನು ಒಬ್ಬಳ ಮೇಲೆ ಹೇರಿ, ನೀನು ದೇವತೆ ಅಂತ ಶಾಲು ಹೊದಿಸಿದರೆ ಅವಳಿಗೆ ಅಜ್ಜಿಯ ಹತ್ತಿರ ನಿಲ್ಲುವ ಎರಡು ನಿಮಿಷ ಸಿಗುತ್ತದಾ?

ವಾರ್ಡ್ ಇನ್‌ಚಾರ್ಜ್‌ಗಳಲ್ಲಿ ಒಂದು ಮಾತು ಕೇಳಿಕೊಳ್ಳುತ್ತೇನೆ. ಹ್ಯಾಂಡೋವರ್ ಶೀಟಿನಲ್ಲಿ ಒಂದು ಕಾಲಂ ಜಾಸ್ತಿ ಮಾಡಿ: ಇವರು ಯಾರನ್ನು ಕೇಳುತ್ತಿದ್ದಾರೆ, ಯಾವುದಕ್ಕೆ ಹೆದರಿದ್ದಾರೆ, ಏನನ್ನು ನಂಬಿದ್ದಾರೆ. ಹಗಲು ಪಾಳಿಯವರು ಕೇಳಿ ತಿಳಿದದ್ದು ನೈಟ್ ಡ್ಯೂಟಿಯವರಿಗೂ ಸಿಗಲಿ.