ಮಲೆನಾಡಿನ ಮಕ್ಕಳಿಗೂ ದಿನಕ್ಕೊಂದು ಗಂಟೆ ಆಟ ಬೇಕು

"ಹಳ್ಳಿ ಮಕ್ಕಳು ಡಾಕ್ಟ್ರೇ, ಇವಕ್ಕೆ ಬೇರೆ ವ್ಯಾಯಾಮ ಯಾಕೆ?"

ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಶಿವಮೊಗ್ಗದ ನನ್ನ ಕ್ಲಿನಿಕ್‌ಗೆ ಬರುವ ಅಪ್ಪ ಅಮ್ಮಂದಿರು ಈ ಮಾತನ್ನು ತುಂಬಾ ನಂಬಿಕೆಯಿಂದ ಹೇಳುತ್ತಾರೆ. ಅವರು ಚಿಕ್ಕವರಿದ್ದಾಗ ಅದು ನಿಜವೇ ಆಗಿತ್ತು. ಗುಡ್ಡ ಹತ್ತಿ, ಸಂಕ ದಾಟಿ ಶಾಲೆಗೆ ನಡೆದವರು ಅವರು. ಈಗ ಅವರ ಮಗುವಿನ ದಿನ ಹೇಗಿದೆ? ಬೆಳಿಗ್ಗೆ ಗೇಟಿನ ಮುಂದೆ ವ್ಯಾನ್. ಶಾಲೆಯಲ್ಲಿ ಬೆಂಚು. ಸಂಜೆ ಮತ್ತೆ ವ್ಯಾನ್. ಆಮೇಲೆ ಟ್ಯೂಷನ್, ಅದು ಮುಗಿದರೆ ಮೊಬೈಲ್. ಸುತ್ತ ಕಾಡು, ತೋಟ, ಗದ್ದೆ ಎಲ್ಲ ಇದ್ದರೂ ಮಗು ನಡೆಯುವುದು ಗೇಟಿನಿಂದ ಜಗಲಿಯವರೆಗೆ ಮಾತ್ರ. ಪೇಟೆಯ ಅಪಾರ್ಟ್‌ಮೆಂಟಿನಲ್ಲಿ ಬೆಳೆಯುವ ಮಗುವಿಗೂ ಇದಕ್ಕೂ ನನಗೆ ದೊಡ್ಡ ವ್ಯತ್ಯಾಸ ಕಾಣುತ್ತಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕ ಸರಳವಾಗಿದೆ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಜೋರಾಗುವಷ್ಟು ಮೈ ಆಡಿಸಬೇಕು. ವಾರದಲ್ಲಿ ಮೂರು ದಿನವಾದರೂ ಮೂಳೆ, ಸ್ನಾಯು ಗಟ್ಟಿಯಾಗುವಂಥ ಆಟ ಬೇಕು. 60 ನಿಮಿಷ ಒಟ್ಟಿಗೇ ಆಗಬೇಕು ಅಂತೇನಿಲ್ಲ, ಬೆಳಿಗ್ಗೆ ಹತ್ತು, ಮಧ್ಯಾಹ್ನದ ಬಿಡುವಿನಲ್ಲಿ ಇಪ್ಪತ್ತು, ಸಂಜೆ ಅರ್ಧ ಗಂಟೆ ಆದರೂ ಲೆಕ್ಕ ಸೇರುತ್ತದೆ. ಸಾಕಷ್ಟು ಜೋರಾಗಿದೆಯಾ ಅಂತ ನೋಡೋಕೆ ಯಾವ ವಾಚೂ ಬೇಡ. ಆಡುತ್ತಾ ಮಗು ಮಾತಾಡಬೇಕು, ಆದರೆ ಹಾಡು ಹೇಳೋಕೆ ಆಗಬಾರದು. ಅಷ್ಟೇ.

ಮೂಳೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮನೆಯವರು ಇದನ್ನು ಬರೀ ಹಾಲು, ಕ್ಯಾಲ್ಸಿಯಂ ಮಾತ್ರೆಯ ವಿಷಯ ಅಂದುಕೊಂಡಿರುತ್ತಾರೆ. ಮೂಳೆ ಗಟ್ಟಿಯಾಗೋಕೆ ಆಹಾರದ ಜೊತೆ ಪೆಟ್ಟೂ ಬೇಕು. ನೆಗೆದು ಕಾಲೂರಿದಾಗ ಬೀಳುವ ಭಾರವೇ ಆ ಪೆಟ್ಟು. ಆ ಭಾರ ಬಿದ್ದಾಗಲೇ ಮೂಳೆಯ ಒಳಗಿನ ಜೀವಕೋಶಗಳಿಗೆ ಇಲ್ಲಿ ಇನ್ನಷ್ಟು ಕಟ್ಟಬೇಕು ಅಂತ ಗೊತ್ತಾಗುವುದು. ಒಂಟಿ ಕಾಲಲ್ಲಿ ನೆಗೆಯುವ ಕುಂಟೆಬಿಲ್ಲೆ ಇದಕ್ಕೆ ಹೇಳಿ ಮಾಡಿಸಿದ ಆಟ. ಹಗ್ಗದಾಟ, ಖೋ ಖೋ, ಕಬಡ್ಡಿಯೂ ಅಷ್ಟೇ. ಮಗು ಸರಸರ ಎತ್ತರ ಆಗುವ ಎರಡು ವರ್ಷ ಇರುತ್ತದಲ್ಲ, ದೊಡ್ಡವರಾದ ಮೇಲೆ ಇರುವ ಮೂಳೆಯ ಸುಮಾರು ಕಾಲುಭಾಗ ಸೇರುವುದು ಆ ಎರಡೇ ವರ್ಷದಲ್ಲಿ. ಹೆಣ್ಣುಮಕ್ಕಳಿಗೆ ಅದು ಹೆಚ್ಚುಕಡಿಮೆ 11ರಿಂದ 13ರ ಹೊತ್ತು.

ನಮ್ಮ ಮನೆಗಳಲ್ಲಿ ಹೆಣ್ಣುಮಗಳ ಆಟ ನಿಲ್ಲಿಸುವುದೂ ಸರಿಯಾಗಿ ಅದೇ ವಯಸ್ಸಿಗೆ. ಇದು ನನಗೆ ತುಂಬಾ ಬೇಸರ ತರುವ ವಿಷಯ. "ದೊಡ್ಡವಳಾದಳು, ಇನ್ನು ಕುಣಿಯೋದು ಸಾಕು" ಅನ್ನುವ ಅಜ್ಜಿ ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಆ ಒಂದು ಮಾತಿಗೆ ಲಂಗದ ಜೊತೆ ಲಗೋರಿಯೂ ಅಟ್ಟ ಸೇರುತ್ತದೆ. 2016ರ ಜಾಗತಿಕ ಅಂದಾಜಿನ ಪ್ರಕಾರ 11ರಿಂದ 17ರ ಗಂಡುಮಕ್ಕಳಲ್ಲಿ ಶೇ 78, ಹೆಣ್ಣುಮಕ್ಕಳಲ್ಲಿ ಶೇ 85 ಮಂದಿ ಬೇಕಾದಷ್ಟು ಆಡುತ್ತಿಲ್ಲ. ಮುಟ್ಟಿನ ದಿನಗಳಲ್ಲಿ ಆಡಬಾರದು ಅನ್ನೋಕೆ ವೈದ್ಯಕೀಯ ಕಾರಣ ಯಾವುದೂ ಇಲ್ಲ. ತುಂಬಾ ನೋವಿದ್ದರೆ ಮಲಗಲಿ, ಇಲ್ಲದಿದ್ದರೆ ಓಡಲಿ.

ಮೊನ್ನೆ ಒಬ್ಬರು ತಾಯಿ ಎಂಟನೇ ಕ್ಲಾಸಿನ ಮಗಳನ್ನು ಕರೆತಂದಿದ್ದರು. "ಸೋಮಾರಿ ಡಾಕ್ಟ್ರೇ, ಎರಡು ಹೆಜ್ಜೆ ಓಡಿದ್ರೆ ಕೂತುಬಿಡ್ತಾಳೆ." ಹುಡುಗಿ ತಲೆ ತಗ್ಗಿಸಿ ಕೂತಿತ್ತು. ಕೆಳಗಿನ ಕಣ್ಣುರೆಪ್ಪೆ ಎಳೆದು ನೋಡಿದೆ, ಒಳಗೆ ಕೆಂಪೇ ಇಲ್ಲ, ಬಿಳಿಚಿಕೊಂಡಿದೆ. ಉಗುರೂ ಹಾಗೇ. "ಅಮ್ಮಾ, ಇದು ಸೋಮಾರಿತನ ಅಲ್ಲ, ರಕ್ತ ಕಡಿಮೆ ಇದೆ" ಅಂದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19ರ ಹುಡುಗಿಯರಲ್ಲಿ ಶೇ 59 ಮಂದಿಗೆ ರಕ್ತಹೀನತೆ ಇತ್ತು. ಓಡೋಕೆ ಶಕ್ತಿಯೇ ಇಲ್ಲದ ಮಗುವಿಗೆ ಓಡು ಅಂದರೆ ಏನು ಪ್ರಯೋಜನ? ಶಾಲೆಯಲ್ಲಿ ವಾರಕ್ಕೊಂದು ಕೊಡುವ ಕಬ್ಬಿಣದ ನೀಲಿ ಮಾತ್ರೆಯನ್ನು ದಯವಿಟ್ಟು ಬಿಸಾಡೋಕೆ ಬಿಡಬೇಡಿ. ಊಟ ಆದ ಮೇಲೆ ನುಂಗಲಿ. ಅದರ ಹಿಂದೆಮುಂದೆ ಕಾಫಿ, ಟೀ ಬೇಡ, ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಸೇರುವುದಿಲ್ಲ. ಈಗಾಗಲೇ ರಕ್ತ ಕಡಿಮೆ ಇದ್ದರೆ ವಾರಕ್ಕೊಂದು ಸಾಲದು, ಪರೀಕ್ಷೆ ಮಾಡಿಸಿ ಔಷಧ ತಗೊಳ್ಳಬೇಕು.

ಇನ್ನು ಮಳೆ. ಆಗುಂಬೆ ಸೀಮೆಯವರಿಗೆ "ಹೊರಗೆ ಆಡಿಸಿ" ಅಂತ ಜುಲೈನಲ್ಲಿ ಹೇಳಿದರೆ ನನ್ನ ಮುಖ ನೋಡುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್ ಅಂದರೆ ವರ್ಷದ ಮೂರನೇ ಒಂದು ಭಾಗ, ಅಷ್ಟು ದಿನ ಮಗುವನ್ನು ಸುಮ್ನೆ ಕೂರಿಸೋಕೆ ಆಗುವುದಿಲ್ಲ ಅಲ್ವಾ? ನಮ್ಮ ಕಡೆ ಮನೆಗೆ ಜಗಲಿ ಇದೆ, ಶಾಲೆಗೆ ಉದ್ದದ ವರಾಂಡ ಇದೆ. ಹಗ್ಗದಾಟಕ್ಕೆ, ಕುಂಟೆಬಿಲ್ಲೆಗೆ, ಸೂರ್ಯನಮಸ್ಕಾರಕ್ಕೆ ಅಷ್ಟು ಜಾಗ ಧಾರಾಳ ಸಾಕು. ಮಳೆ ಹೊಳವಾದಾಗ ಹೊರಗೆ ಬಿಡಿ. ಮೋಡ ಮುಚ್ಚಿದ ದಿನವೂ ಹೊರಗಿನ ಬೆಳಕು ತರಗತಿಯ ಟ್ಯೂಬ್‌ಲೈಟಿಗಿಂತ ಎಷ್ಟೋ ಪಟ್ಟು ಜಾಸ್ತಿ, ಹೊರಗಿನ ಬೆಳಕಲ್ಲಿ ಹೆಚ್ಚು ಹೊತ್ತು ಇರುವ ಮಕ್ಕಳಿಗೆ ದೂರದ್ದು ಮಂಜಾಗುವ ದೃಷ್ಟಿದೋಷ ಬರುವುದೂ ಕಡಿಮೆ. ನೆನೆದರೆ ಶೀತ ಆಗುತ್ತೆ ಅನ್ನೋ ಭಯ ಬೇಡ. ಶೀತ ಬರುವುದು ವೈರಸ್‌ನಿಂದ. ಬಂದ ಮೇಲೆ ತಲೆ ಒರೆಸಿ ಒಣ ಬಟ್ಟೆ ಹಾಕಿದರೆ ಆಯ್ತು.

ಒಂದು ಭಯಕ್ಕೆ ಮಾತ್ರ ನನ್ನ ಪೂರ್ತಿ ಒಪ್ಪಿಗೆ ಇದೆ, ಅದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಹರಡುವುದು ಉಣುಗಿನಿಂದ, ಜೋರು ಇರುವುದು ಡಿಸೆಂಬರ್‌ನಿಂದ ಮೇವರೆಗೆ. ಕಾಯಿಲೆ ಕಂಡ ಊರುಗಳಲ್ಲಿ ಆ ತಿಂಗಳು ಮಕ್ಕಳನ್ನು ಕಾಡಿಗೆ ಬಿಡಬೇಡಿ. ಶಾಲೆಯ ಮೈದಾನ, ಊರ ನಡುವಿನ ಬಯಲು ಸಾಕು.

ಹತ್ತನೇ ಕ್ಲಾಸ್ ಬಂದರೆ ಪಿಟಿ ಪೀರಿಯಡ್ ಗಣಿತಕ್ಕೆ ಹೋಗುತ್ತದೆ. ಇದನ್ನು ಪೋಷಕರೇ ಶಾಲೆಯಲ್ಲಿ ಕೇಳಬೇಕು. ಆಟಕ್ಕೆ ಸಮಯ ಕೊಟ್ಟರೆ ಮಾರ್ಕ್ಸ್ ಇಳಿಯುವುದಿಲ್ಲ. ಸಂಜೆ ಮೈ ದಣಿದ ಮಗುವಿಗೆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ, ಆ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕೇ ಬೇಕು.

ಉಬ್ಬಸ ಇರುವ ಮಕ್ಕಳನ್ನೂ ಆಟದಿಂದ ದೂರ ಇಡಬೇಡಿ. ಇನ್ಹೇಲರ್ ಸರಿಯಾಗಿ ತಗೊಳ್ಳುತ್ತಿದ್ದರೆ ಅವರೂ ಎಲ್ಲರ ಹಾಗೆ ಓಡಬಹುದು, ಆಟಕ್ಕೆ ಮೊದಲು ಒಂದು ಸಲ ಎಳೆದುಕೊಳ್ಳಬೇಕಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಆದರೆ ಓಡುವಾಗ ತಲೆ ತಿರುಗಿ ಬಿದ್ದ ಮಗು, ಓಡಿದಾಗ ಎದೆ ನೋವು ಅನ್ನುವ ಮಗು, ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಇದ್ದಕ್ಕಿದ್ದಂತೆ ತೀರಿಕೊಂಡಿದ್ದರೆ ಆ ಮನೆಯ ಮಗು, ಇವರನ್ನು ಮೈದಾನಕ್ಕೆ ಕಳಿಸುವ ಮೊದಲು ಇಸಿಜಿ ಮಾಡಿಸಿ ಹೃದಯದ ಡಾಕ್ಟರಿಗೆ ತೋರಿಸಿ.