ಬೆಟ್ಟಾ ಮೀನಿಗೆ ಗಾಳಿಯೊಂದೇ ಸಾಲದು

ಬೆಟ್ಟಾ ಮೀನಿನ ಮುಂದೆ ಹತ್ತು ನಿಮಿಷ ಸುಮ್ಮನೆ ಕುಳಿತರೆ ಅದು ಉಸಿರಾಡುವ ಬಗೆ ಕಣ್ಣಿಗೆ ಬೀಳುತ್ತದೆ. ರೆಕ್ಕೆಗಳನ್ನು ಸೆರಗಿನಂತೆ ಹರಡಿಕೊಂಡು ತಳದಲ್ಲಿ ಸುಳಿದಾಡುತ್ತಿದ್ದ ಮೀನು ಇದ್ದಕ್ಕಿದ್ದಂತೆ ಮೇಲೇರುತ್ತದೆ. ಮೂತಿಯನ್ನು ನೀರಿನ ಮೇಲ್ಮೈಗೆ ತಾಗಿಸಿ ಒಂದು ಗುಟುಕು ಗಾಳಿ ನುಂಗುತ್ತದೆ. ತಿರುಗಿ ಇಳಿಯುವಾಗ ಕಿವಿರಿನ ಮುಚ್ಚಳದ ಅಂಚಿನಿಂದ ಒಂದೆರಡು ಗುಳ್ಳೆಗಳು ಜಾರಿ ಹೋಗುತ್ತವೆ. ಸಣ್ಣ ಗಾಜಿನ ಬಟ್ಟಲಿನಲ್ಲಿ, ಫಿಲ್ಟರ್ ಇಲ್ಲದೆ ಈ ಮೀನನ್ನು ಇಡಬಹುದು ಎಂಬ ನಂಬಿಕೆಗೆ ಬಲ ಬಂದಿರುವುದು ಬಹುಮಟ್ಟಿಗೆ ಈ ಗುಟುಕಿನಿಂದಲೇ.

ಆ ಗಾಳಿ ಹೋಗುವುದು ಲ್ಯಾಬಿರಿಂತ್ ಎಂಬ ಅಂಗಕ್ಕೆ. ಕಿವಿರುಗಳ ಮೇಲ್ಭಾಗದ ಗೂಡಿನಲ್ಲಿ ತೆಳುವಾದ ಮೂಳೆಯ ಹಾಳೆಗಳು ಮಡಿಕೆ ಮಡಿಕೆಯಾಗಿ ಕುಳಿತಿರುತ್ತವೆ. ಅವುಗಳ ಮೇಲೆ ರಕ್ತನಾಳಗಳಿಂದ ತುಂಬಿದ ನವಿರಾದ ಚರ್ಮವಿರುತ್ತದೆ. ಗಾಳಿಯ ಆಮ್ಲಜನಕ ಅಲ್ಲಿಂದ ನೇರವಾಗಿ ರಕ್ತ ಸೇರುತ್ತದೆ. ಮರಿಗಳಿಗೆ ಹುಟ್ಟುವಾಗ ಈ ಅಂಗ ಇರುವುದಿಲ್ಲ, ಕೆಲವು ವಾರಗಳ ಮೇಲೆ ಬೆಳೆಯುತ್ತದೆ. ಬೆಳೆದ ಮೇಲೆ ಅದಿಲ್ಲದೆ ನಡೆಯುವುದಿಲ್ಲ: ಆಮ್ಲಜನಕ ಹೇರಳವಾಗಿರುವ ನೀರಿನಲ್ಲೂ ಮೇಲೆ ಬರಲು ಬಿಡದಿದ್ದರೆ ಬೆಟ್ಟಾ ಉಸಿರುಗಟ್ಟಿ ಸಾಯಬಹುದು.

ಇಂಥದೊಂದು ಅಂಗ ಬೇಕಾದದ್ದು ಅದರ ತವರಿನ ನೀರಿನಿಂದಾಗಿ. 1910ರಲ್ಲಿ ಬ್ರಿಟಿಷ್ ಮೀನುಶಾಸ್ತ್ರಜ್ಞ ಸಿ. ಟೇಟ್ ರೀಗನ್ ‘ಬೆಟ್ಟಾ ಸ್ಪ್ಲೆಂಡೆನ್ಸ್’ ಎಂದು ಹೆಸರಿಟ್ಟ ಈ ಮೀನಿನ ಮೂಲ ನೆಲೆ ಥಾಯ್ಲೆಂಡಿನ ಬಯಲು ಪ್ರದೇಶದ ಜೌಗು ನೆಲ, ಭತ್ತದ ಗದ್ದೆ, ನಿಧಾನವಾಗಿ ಹರಿಯುವ ಕಾಲುವೆಗಳು. ಅಲ್ಲಿ ಅದನ್ನು ‘ಪ್ಲಾ ಕಟ್’, ಅಂದರೆ ಕಚ್ಚುವ ಮೀನು ಎನ್ನುತ್ತಾರೆ. 2019ರಲ್ಲಿ ಆ ದೇಶ ಅದನ್ನು ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಬಿಸಿಲಿಗೆ ಕಾದ, ಕೊಳೆಯುವ ಎಲೆಗಳಿರುವ ಆ ನೀರಿನಲ್ಲಿ ಆಮ್ಲಜನಕ ಕಡಿಮೆ, ಆಳವೂ ಕಡಿಮೆ. ಇಷ್ಟನ್ನು ಕೇಳಿ ‘ಹಾಗಾದರೆ ಬಟ್ಟಲು ಸಾಕು’ ಎಂದುಕೊಳ್ಳುವುದು ದೊಡ್ಡ ತಪ್ಪು. ಗದ್ದೆಯ ನೀರು ಮೊಣಕಾಲು ಮುಳುಗದಷ್ಟಿರಬಹುದು, ಆದರೆ ಅದು ಎಕರೆಗಟ್ಟಲೆ ಹರಡಿರುತ್ತದೆ. ಅಡಿಯಲ್ಲಿ ಮಣ್ಣಿದೆ, ಮಣ್ಣಿನಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳಿವೆ, ಸುತ್ತ ಬೇರುಗಳಿವೆ. ಆಳವಿಲ್ಲದ ನೀರು ಬೇರೆ, ಅಲ್ಪವಾದ ನೀರು ಬೇರೆ.

ಈ ವ್ಯತ್ಯಾಸ ಮುಖ್ಯವಾಗುವುದು ಕಸದ ವಿಷಯದಲ್ಲಿ. ಬೆಟ್ಟಾ ಮಾಂಸಾಹಾರಿ, ಹುಳು, ಸೊಳ್ಳೆಮರಿಗಳನ್ನು ತಿನ್ನುವ ಮೀನು. ಅದಕ್ಕೆ ಕೊಡುವ ಕಾಳುಗಳಲ್ಲೂ ಪ್ರೋಟೀನೇ ಹೆಚ್ಚು. ಪ್ರೋಟೀನಿನ ತೂಕದಲ್ಲಿ ಸುಮಾರು ಶೇ. 16ರಷ್ಟು ಸಾರಜನಕ. ಮೈಗೆ ಹತ್ತದೆ ಉಳಿದದ್ದು ಅಮೋನಿಯಾ ಆಗಿ ಹೊರಬರುತ್ತದೆ, ಅದೂ ಬಹುಪಾಲು ಕಿವಿರುಗಳ ಮೂಲಕ. ತಳದ ಹಿಕ್ಕೆಯನ್ನು ಎಷ್ಟೇ ನಿಷ್ಠೆಯಿಂದ ಹೀರಿ ತೆಗೆದರೂ ಮೀನು ಉಸಿರಾಡುತ್ತಿರುವಷ್ಟು ಹೊತ್ತು ಅಮೋನಿಯಾ ಸೇರುತ್ತಲೇ ಇರುತ್ತದೆ. ಲ್ಯಾಬಿರಿಂತ್ ಗಾಳಿಯನ್ನು ಒಳಗೆ ತರುತ್ತದೆ, ನೀರಿಗೆ ಬಿದ್ದ ಕಸಕ್ಕೆ ಅದರಲ್ಲಿ ಮದ್ದಿಲ್ಲ. ಅಮೋನಿಯಾ ಕಿವಿರನ್ನು ಸುಡುತ್ತದೆ; ಸುಟ್ಟ ಕಿವಿರಿನ ಮೀನು ಗಾಳಿಗಾಗಿ ಮತ್ತೆ ಮತ್ತೆ ಮೇಲೆ ಬರುತ್ತದೆ. ಬೇರೆ ಮೀನು ಹೀಗೆ ಮಾಡಿದರೆ ನಾವು ಗಾಬರಿಯಾಗುತ್ತೇವೆ. ಬೆಟ್ಟಾ ಮಾಡಿದರೆ ‘ಅದರ ಸ್ವಭಾವವೇ ಹಾಗೆ’ ಎಂದು ಸುಮ್ಮನಾಗುತ್ತೇವೆ. ನನ್ನನ್ನು ಹೆಚ್ಚು ಕಾಡುವುದು ಇದೇ.

ಎರಡು ಲೀಟರಿನ ಬಟ್ಟಲಿನ ನೀರನ್ನು ನಾನು ಮೊದಲ ಸಲ ಪರೀಕ್ಷಿಸಿದಾಗ ನೀರು ಸ್ಫಟಿಕದಂತಿತ್ತು, ಆಚೆ ಬದಿಯ ಕಿಟಕಿಯ ಸರಳುಗಳನ್ನು ಎಣಿಸಬಹುದಿತ್ತು. ಪ್ರನಾಳಕ್ಕೆ ಆ ನೀರನ್ನೇ ತುಂಬಿ ಅಮೋನಿಯಾ ಪರೀಕ್ಷೆಯ ಹನಿಗಳನ್ನು ಹಾಕಿ ಅಲ್ಲಾಡಿಸಿದೆ. ಶುದ್ಧ ನೀರಾಗಿದ್ದರೆ ಹಳದಿಯಾಗಿಯೇ ಉಳಿಯಬೇಕು. ಕೆಲವೇ ನಿಮಿಷಗಳಲ್ಲಿ ಅದು ಎಲೆಹಸಿರಿಗೆ ತಿರುಗಿತು. ಮೀನು ರೆಕ್ಕೆಗಳನ್ನು ಮೈಗಂಟಿಸಿಕೊಂಡು ಮೂಲೆಯಲ್ಲಿ ನಿಂತಿದ್ದೇಕೆಂದು ಆಗ ಅರ್ಥವಾಯಿತು.

ಇಲ್ಲಿ ರಸಾಯನಶಾಸ್ತ್ರದ ಒಂದು ಸೂಕ್ಷ್ಮವಿದೆ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ: ಹೆಚ್ಚು ವಿಷಕಾರಿಯಾದ ಅಮೋನಿಯಾ ಮತ್ತು ಅಷ್ಟು ಅಪಾಯವಿಲ್ಲದ ಅಮೋನಿಯಂ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ (ನೀರಿನ ಆಮ್ಲೀಯತೆಯ ಅಳತೆ; ಸಂಖ್ಯೆ ಇಳಿದಷ್ಟೂ ಆಮ್ಲೀಯತೆ ಹೆಚ್ಚು) 7 ಇದ್ದರೆ ವಿಷದ ಪಾಲು ನೂರಕ್ಕೆ ಒಂದೂ ಇರುವುದಿಲ್ಲ. ಪಿಎಚ್ 8 ಆದರೆ ಐದನ್ನು ದಾಟುತ್ತದೆ. ಹಳೆಯ ನೀರು ಸಾಮಾನ್ಯವಾಗಿ ಆಮ್ಲೀಯತೆಯ ಕಡೆಗೆ ಜಾರುತ್ತದೆ, ಹೀಗಾಗಿ ಅದರಲ್ಲಿ ಅಮೋನಿಯಂ ಸದ್ದಿಲ್ಲದೆ ಕೂಡಿರುತ್ತದೆ. ವಾರಗಳ ಬಳಿಕ ಒಮ್ಮೆಲೇ ಅರ್ಧ ನೀರು ಬದಲಿಸಿ ಪಿಎಚ್ ಏರಿಸಿದರೆ ಉಳಿದ ಅಮೋನಿಯಂನ ಒಂದು ಪಾಲು ವಿಷವಾಗಿ ಬದಲಾಗುತ್ತದೆ. ‘ನಿನ್ನೆ ತಾನೆ ನೀರು ಬದಲಿಸಿದ್ದೆ, ಇಂದು ಮೀನು ಸತ್ತಿದೆ’ ಎಂಬ ದುಃಖದ ಹಿಂದೆ ಎಷ್ಟೋ ಸಲ ಇದಿರುತ್ತದೆ. ನಲ್ಲಿ ನೀರಿನ ಕ್ಲೋರಿನ್ ಸಹ ಕಾರಣವಾಗಿರಬಹುದು, ಅದನ್ನು ಕಳೆಯುವ ದ್ರಾವಣ ಹಾಕದೆ ನೀರು ಸುರಿಯಬಾರದು.

ಫಿಲ್ಟರ್ ಎಂದರೆ ಕಸ ಸೋಸುವ ಜರಡಿ ಎಂದು ತಿಳಿದವರೇ ಹೆಚ್ಚು. ಅದರ ನಿಜವಾದ ಬೆಲೆ ಸ್ಪಂಜಿನ ರಂಧ್ರಗಳಲ್ಲಿ ಮನೆ ಮಾಡುವ ಬ್ಯಾಕ್ಟೀರಿಯಾಗಳಲ್ಲಿದೆ. ನೈಟ್ರೊಸೊಮೊನಾಸ್‌ನಂಥವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ನೈಟ್ರೈಟ್ ಕೂಡ ವಿಷವೇ, ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಹೊರದಂತೆ ಮಾಡುತ್ತದೆ. ಗುಟುಕು ಗಾಳಿ ಕುಡಿಯುವ ಬೆಟ್ಟಾಗೂ ಅದರಿಂದ ಪೂರ್ತಿ ರಕ್ಷಣೆಯಿಲ್ಲ. ನೈಟ್ರೊಸ್ಪೈರಾದಂಥ ಬ್ಯಾಕ್ಟೀರಿಯಾಗಳು ಅದನ್ನು ಬಹಳ ಕಡಿಮೆ ಅಪಾಯದ ನೈಟ್ರೇಟ್ ಮಾಡುತ್ತವೆ. ಈ ಸಂಸಾರ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ವಾರಕ್ಕೊಮ್ಮೆ ಎಲ್ಲವನ್ನೂ ನಲ್ಲಿಯ ಕೆಳಗೆ ಉಜ್ಜಿ ತೊಳೆದ ಬಟ್ಟಲಿನಲ್ಲಿ ಅದು ಎಂದಿಗೂ ನೆಲೆಯೂರುವುದಿಲ್ಲ.

ಹಾಗಾದರೆ ಫಿಲ್ಟರ್ ಇಲ್ಲದೆ ಸಾಧ್ಯವೇ ಇಲ್ಲವೇ? ಸಾಧ್ಯವಿದೆ, ಬಟ್ಟಲಿನಲ್ಲಲ್ಲ. ಇಪ್ಪತ್ತು ಲೀಟರಿನಷ್ಟು ನೀರು, ಮಣ್ಣಿನ ತಳ, ಬೇಗ ಬೆಳೆಯುವ ಜಲಸಸ್ಯಗಳು ದಟ್ಟವಾಗಿದ್ದರೆ ಗಿಡಗಳೇ ಅಮೋನಿಯಂ ಹೀರಿಕೊಳ್ಳುತ್ತವೆ. ಅಂಥ ತೊಟ್ಟಿಯಲ್ಲೂ ಪ್ರತಿ ವಾರ ನೀರಿನ ಪರೀಕ್ಷೆ ತಪ್ಪಬಾರದು. ಎರಡು ಲೀಟರ್ ನೀರು ರಾತ್ರಿಯ ತಂಪಿಗೆ ಬೇಗ ತಣ್ಣಗಾಗುವುದೂ ಬಟ್ಟಲಿನ ಇನ್ನೊಂದು ದೋಷ. ಬೆಟ್ಟಾಗೆ ಬೇಕಾದದ್ದು 24ರಿಂದ 28 ಡಿಗ್ರಿಯ ಸ್ಥಿರವಾದ ಬೆಚ್ಚಗಿನ ನೀರು. ಮೇಲ್ಮೈಯಲ್ಲಿ ಗಂಡು ಮೀನು ನೊರೆಗೂಡು ಕಟ್ಟಿದರೆ ಎಲ್ಲವೂ ಸರಿಯಿದೆ ಎಂದು ಹಿಗ್ಗುವವರಿದ್ದಾರೆ. ಕೆಟ್ಟ ನೀರಿನಲ್ಲೂ ಅದು ಗೂಡು ಕಟ್ಟಬಲ್ಲದು.

ನಾನು ಕೊನೆಗೆ ಆರಿಸಿಕೊಂಡದ್ದು ಗಾಳಿಯ ಪಂಪಿನಿಂದ ನಡೆಯುವ ಸ್ಪಂಜಿನ ಫಿಲ್ಟರ್. ಮಾನವನೇ ತಳಿ ಬೆಳೆಸಿ ಉದ್ದ ಮಾಡಿದ ಆ ರೆಕ್ಕೆಗಳಿಗೆ ಜೋರಾದ ಸೆಳೆತ ಆಗದು. ಇದರ ಹರಿವು ಮೆದು. ತಿಂಗಳಿಗೊಮ್ಮೆ ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಸ್ಪಂಜನ್ನು ಹಿಂಡುತ್ತೇನೆ. ಬಕೆಟ್ಟಿನ ನೀರೆಲ್ಲ ಕೆಸರಿನ ಬಣ್ಣಕ್ಕೆ ತಿರುಗುತ್ತದೆ, ಸ್ಪಂಜು ಕಂದಾಗಿಯೇ ಇರುತ್ತದೆ, ಹಾಗೆಯೇ ಮರಳಿ ತೊಟ್ಟಿಗೆ ಇಳಿಸುತ್ತೇನೆ.